ಅಂಟಿಸಿದ ಕುದುರೆ

ಗಿಟಾರಿಗೂ ಕುದುರೆ ಇರುತ್ತದೆ ಎಂದು ನನಗೆ ಗೊತ್ತಿತ್ತು. ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು ಅದು. ಆದರೆ ಕಟ್ಟದೆ ಬಿಡಬೇಕಾದ ಕುದುರೆಯೂ ಇರುತ್ತದೆ ಎಂದು ತಿಳಿದದ್ದು ಹಾಳುಮಾಡಿದ ಮೇಲೆ.

ನಾನು ಬಡಗಿ. ನಲವತ್ತು ವರ್ಷದಿಂದ ಕುರ್ಚಿ, ಮೇಜು, ಬೀರು ಮಾಡಿಕೊಂಡು ಬಂದವನು. ಸಡಿಲವಾದದ್ದು ಏನಾದರೂ ಕಣ್ಣಿಗೆ ಬಿದ್ದರೆ ಕೈ ತುರಿಸುತ್ತದೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ಮೇಜು ಅಲುಗಾಡಿಸಿ ನೋಡುವ ಚಾಳಿ ನನ್ನದು. ಇದಕ್ಕಾಗಿ ಹೆಂಡತಿಯ ಹತ್ತಿರ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಒಳ್ಳೆಯವನೇ, ಆದರೆ ಬಾಯಿಗೆ ಬೀಗ. ಭಾನುವಾರ ಮಧ್ಯಾಹ್ನ ಹಳೆಯ ವಾಚನಾಲಯದ ಹಾಲಿನಲ್ಲಿ ಮೂವರು ಸೇರಿ ಜಾಝ್ ನುಡಿಸುತ್ತಾರೆ. ಕ್ಲಾರಿನೆಟ್ ಊದುವ ತಂಡದ ಯಜಮಾನರು, ಆಳೆತ್ತರದ ಬಾಸ್ ಪಿಟೀಲು ತಬ್ಬಿ ನಿಲ್ಲುವ ಅಂಚೆಯವನು, ಗಿಟಾರ್ ಹಿಡಿದ ನಮ್ಮ ಅಳಿಯ. ಅಲ್ಲಿ ಮೈಕು, ಸ್ಪೀಕರು ಯಾವುದಕ್ಕೂ ಅನುಮತಿಯಿಲ್ಲ.

ಒಂದು ಗುರುವಾರ ಮಗಳು ಗಿಟಾರ್ ಪೆಟ್ಟಿಗೆ ಹೊತ್ತು ನನ್ನ ವರ್ಕ್‌ಶಾಪಿಗೆ ಬಂದಳು.

“ಅಪ್ಪಾ, ಇದರ ಸದ್ದು ಮೂರನೇ ಸಾಲಿಗೂ ಹೋಗಲ್ವಂತೆ. ಈ ಭಾನುವಾರವೂ ಹೀಗೇ ಆದ್ರೆ ಬೇರೆಯವರನ್ನ ಹಾಕ್ಕೋತೀನಿ ಅಂದ್ರಂತೆ ಯಜಮಾನ್ರು.”

“ಒಳ್ಳೇದೊಂದು ತಗೊಳ್ಳೋದು ತಾನೆ?”

“ಒಳ್ಳೇದು ನಮ್ಮ ಕೈಗೆ ಎಟುಕಿದ್ರೆ ಈ ಅಗ್ಗದ್ದು ಯಾಕೆ ತಗೋತಿದ್ರು?” ಎಂದಳು. ಆಮೇಲೆ ದನಿ ತಗ್ಗಿಸಿ, “ವಾರವೆಲ್ಲಾ ಗೋಡೆ ಜೊತೆ ಸಂಸಾರ ಮಾಡ್ದ ಹಾಗಿರುತ್ತಪ್ಪಾ. ಭಾನುವಾರ ನುಡಿಸಿ ಬಂದ ಮೇಲೇನೇ ಅವರು ನನ್ನ ಜೊತೆ ಕೂತು ಮಾತಾಡೋದು. ಅದೂ ಹೋದ್ರೆ...” ಎಂದು ನಿಲ್ಲಿಸಿದಳು.

ಇಟ್ಟುಹೋಗು, ನೋಡ್ತೀನಿ ಅಂದೆ.

ನೋಡಿದೆ. ಹೊಟ್ಟೆ ಉಬ್ಬಿದ ಗಿಟಾರ್, ಎರಡು ಪಕ್ಕ ಪಿಟೀಲಿಗಿರುವಂಥ ಸೀಳು, ಮೈತುಂಬ ದಪ್ಪ ವಾರ್ನಿಶ್. ತಂತಿಗಳೋ ದಾರದಷ್ಟು ಸಣ್ಣ. ಪರೀಕ್ಷೆ ಮಾಡೋಣವೆಂದು ಆರೂ ತಂತಿಗಳನ್ನು ಒಟ್ಟಿಗೇ ಬಿಚ್ಚಿದೆ. ಕುದುರೆ ಜಾರಿ ನನ್ನ ತೊಡೆಯ ಮೇಲೆ ಬಿತ್ತು.

ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಬುಡವೇ ಅಂಟಿಲ್ಲದಿದ್ದರೆ ಸದ್ದು ಎಲ್ಲಿಂದ ಬಂದೀತು? ಬಿಳಿ ಅಂಟು ಬಳಿದು, ಎರಡು ಸೀಳುಗಳ ನಡುವೆ ಅಂದಾಜಿನ ಮೇಲೆ ಕೂರಿಸಿ, ಬಟ್ಟೆ ಸುತ್ತಿದ ಇಟ್ಟಿಗೆ ಹೇರಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅಳಿಯ ದಪ್ಪ ತಂತಿಗಳ ಪೊಟ್ಟಣ ಹಿಡಿದು ಬಂದ. ಗಿಟಾರ್ ನೋಡಿದ್ದೇ ಮುಖ ಬಿಳಿಚಿಕೊಂಡಿತು.

“ಮಾವ... ಕುದುರೆ...”

“ಕಿತ್ತುಬಂದಿತ್ತು, ಅಂಟಿಸಿದ್ದೀನಿ. ಇನ್ನು ನೀವು ಆನೆ ಕಟ್ಟಿದ್ರೂ ಅಲ್ಲಾಡಲ್ಲ.”

“ಇದನ್ನ ಅಂಟಿಸಬಾರದು, ಮಾವ. ಈ ಜಾತಿ ಗಿಟಾರಲ್ಲಿ ಕುದುರೆ ಬರೀ ತಂತಿ ಬಿಗಿಗೆ ನಿಂತಿರುತ್ತೆ. ಒಂಚೂರು ಆಚೀಚೆ ಆದ್ರೂ ಸ್ವರ ಎಲ್ಲ ತಪ್ಪುತ್ತೆ. ಜರುಗಿಸಿ ಜರುಗಿಸಿ ಸರಿಮಾಡ್ಕೋಬೇಕು.”

ನಾಲ್ಕು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದು. ಅದರಲ್ಲಿ ಒಂದು ಕೆಟ್ಟ ಮಾತಿರಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಗಳಿಗೆ ಉಳಿದಿದ್ದ ಒಂದು ಭಾನುವಾರವನ್ನೂ ನನ್ನ ಕೈಯಾರೆ ಕಳೆದೆನಲ್ಲ!

ಬಿಸಿನೀರಿನ ಬಟ್ಟೆ ಹಿಂಡಿ ಕುದುರೆಯ ಸುತ್ತ ಒತ್ತಿ ಇಟ್ಟೆ. ತೆಳ್ಳನೆ ಚಾಕುವಿನ ತುದಿ ತೂರಿಸಿದೆ. “ಹಿಡ್ಕೊಳೋ, ಗಟ್ಟಿಯಾಗಿ ಹಿಡ್ಕೊ!” ಎಂದು ಅಳಿಯನ ಮೇಲೆ ಕೂಗಾಡಿದೆ. ಅಳಿಯನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಅವನು ಹಿಡಿದುಕೊಂಡ. ಟಕ್ ಎಂದಿತು. ಕುದುರೆ ಇಡಿಯಾಗಿ ಎದ್ದು ಬಂತು. ಗಿಟಾರಿನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಯಾಕೆಂದರೆ, ಹೇಳಿಕೊಳ್ಳಲು ನಾಚಿಕೆ, ನಾನು ವಾರ್ನಿಶ್ ಕೆರೆಯದೆ ಅಂಟು ಹಚ್ಚಿದ್ದೆ. ಅಂಟು ಹಿಡಿಯಬೇಕಾದರೆ ಬರಿಮರ ಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದ ಪಾಠ ಇದು. ಬೇರೆಯವರು ಹೀಗೆ ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಈಗ ನನ್ನ ಸೋಮಾರಿತನವೇ ನಮ್ಮ ಮಾನ ಕಾಯಿತು. ಸ್ಟೂಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನೂ ನಕ್ಕ.

ಆಗಲೇ ಕುದುರೆಯ ತಳ ಕಣ್ಣಿಗೆ ಬಿದ್ದದ್ದು. ಅಂಟು ನಡುವೆ ಇಲ್ಲವೆನ್ನುವಷ್ಟು ತೆಳುವಾಗಿತ್ತು, ಎರಡು ತುದಿಯಲ್ಲಿ ಉಗುರಿನಷ್ಟು ದಪ್ಪವಾಗಿತ್ತು. ಅಂದರೆ ಉಬ್ಬಿದ ಹೊಟ್ಟೆಯ ಮೇಲೆ ಈ ಚಪ್ಪಟೆ ಕುದುರೆ ನಡುವನ್ನು ಮಾತ್ರ ಊರಿ, ಎರಡು ಕಾಲನ್ನೂ ಗಾಳಿಯಲ್ಲಿ ಬಿಟ್ಟು ಕೂತಿತ್ತು.

“ನೋಡು, ಸದ್ದು ಒಳಗಿಳಿಯೋಕೆ ದಾರಿನೇ ಇಲ್ಲ,” ಅಂದೆ. “ತಂತಿ ಎಷ್ಟು ಕಿರುಚಿಕೊಂಡ್ರೇನು, ಮರಕ್ಕೆ ಮುಟ್ಟಬೇಕಲ್ಲ!”

ಇದು ನನ್ನ ಕೆಲಸ. ಸೊಟ್ಟ ನೆಲಕ್ಕೆ ಬೀರುವಿನ ಕಾಲು ಕೂರಿಸಿದವನಿಗೆ ಇದೇನು ಮಹಾ? ಮರ ಉಜ್ಜುವ ಉಪ್ಪುಕಾಗದವನ್ನು ಒರಟು ಮೇಲಾಗಿ ಆ ಉಬ್ಬಿನ ಮೇಲೆ ಹಾಸಿ, ಅಳಿಯ ತೋರಿಸಿದ ಜಾಗದಲ್ಲೇ ಕುದುರೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದೆ. ಆಗಾಗ ಕಾಗದ ತೆಗೆದು, ಕುದುರೆ ಕೂರಿಸಿ, ನೋಡು ಅನ್ನುತ್ತಿದ್ದೆ. ದಿನವೆಲ್ಲ ಗಾಜು ಉಜ್ಜುವವನ ಕಣ್ಣು ಸಾಮಾನ್ಯದ್ದೇ? “ಎಡಗಡೆ ಇನ್ನೂ ಬೆಳಕು ತೂರ್ತಿದೆ, ಮಾವ,” ಅನ್ನುತ್ತಿದ್ದ. ಎಲ್ಲೂ ಬೆಳಕು ತೂರದ ಹಾಗಾಗುವಷ್ಟರಲ್ಲಿ ಮಧ್ಯಾಹ್ನವಾಯಿತು.

ಅವನು ದಪ್ಪ ತಂತಿ ಬಿಗಿದು, ಕುದುರೆಯ ಪಕ್ಕದ ತಿರುಪು ತಿರುಗಿಸಿ ಅದನ್ನು ತುಸು ಎತ್ತರಿಸಿ, ಒಮ್ಮೆ ಮೀಟಿದ. ಬೆಂಚಿನ ಮೇಲಿದ್ದ ಮೊಳೆ ಡಬ್ಬಿ ಝಲ್ ಎಂದಿತು. ಇಬ್ಬರೂ ಅದನ್ನೇ ನೋಡಿದೆವು.

ಆದರೆ ವರ್ಕ್‌ಶಾಪೇ ಬೇರೆ, ಆ ಹಾಲೇ ಬೇರೆ. ಭಾನುವಾರ ಮಗಳ ಜೊತೆ ಕೊನೆಯ ಸಾಲಿನಲ್ಲಿ ಕೂತೆ. ಗಿಟಾರ್ ನನಗೇನೋ ಕೇಳಿಸುತ್ತಿತ್ತು. ಆದರೆ ಕೆಲಸ ಮಾಡಿದವನ ಕಿವಿಯನ್ನು ನಂಬುವಂತಿಲ್ಲ. ಮೊದಲ ಹಾಡಿನ ನಡುವೆಯೇ ಯಜಮಾನರು ಕ್ಲಾರಿನೆಟ್ ಬಾಯಿಂದ ತೆಗೆದು, ಅಳಿಯನ ಕಿವಿಗೆ ಬಗ್ಗಿ ಏನೋ ಅಂದರು. ಅವನು ತಲೆ ತಗ್ಗಿಸಿದ. ಮುಗೀತು ಅಂದುಕೊಂಡೆ. ಮಗಳು ನನ್ನ ತೋಳು ಹಿಂಡಿದಳು.

ಬಿಡುವಿನಲ್ಲಿ ಅವನು ಕುರ್ಚಿಗಳ ನಡುವೆ ಓಡಿಕೊಂಡೇ ಬಂದ.

“ಏನಂದ್ರು?” ಎಂದಳು ಮಗಳು.

“‘ಸ್ವಲ್ಪ ಮೆಲ್ಲಗೆ ನುಡ್ಸಯ್ಯಾ, ನನ್ನ ಕ್ಲಾರಿನೆಟ್ಟೇ ನನಗೆ ಕೇಳಿಸ್ತಿಲ್ಲ’ ಅಂದ್ರು!”

ಎದೆಯ ಮೇಲಿನ ಬಂಡೆ ಇಳಿಸಿದ ಹಾಗಾಯಿತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ಅವನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೊದಲ ಮೀಟಿಗೇ ಅಂಚೆಯವನು ಹೇಗೆ ಬೆಚ್ಚಿಬಿದ್ದ, ಮುಂದಿನ ಸಾಲಿನ ಅಜ್ಜಿ ಹೇಗೆ ತಲೆದೂಗಿದರು ಎಂದು ಕೈಬೀಸಿ ಬೀಸಿ ಹೇಳತೊಡಗಿದ. ಮಗಳು ಅವನ ಮುಖ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ವೇದಿಕೆಯಿಂದ ಯಜಮಾನರು ಎರಡು ಸಲ ಕೂಗಿದರೂ ಮಾತು ನಿಲ್ಲಲಿಲ್ಲ. ಕೊನೆಗೆ ನಾನೇ, “ಹೋಗಪ್ಪಾ, ಉಳಿದಿದ್ದು ಮನೇಲಿ ಹೇಳುವಂತೆ,” ಎಂದು ಅವನನ್ನು ದೂಡಿ ಕಳಿಸಬೇಕಾಯಿತು.