ಅತ್ತಿಗೆಯ ಎಡಗಾಲು

ನನ್ನ ಅತ್ತಿಗೆಯ ಆಗಮನ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಈಜುಕೊಳದ ಒದ್ದೆ ನೆಲದ ಮೇಲೆ ಬಲಗಾಲಿನ ಚಪ್ಪಲಿ ಸದ್ದಿಲ್ಲದೆ ಊರಿದರೆ, ಎಡಗಾಲಿನದು ಸರ್ರೆಂದು ಉಜ್ಜಿಕೊಂಡು ಬಂದು ಪಟ್ಟೆಂದು ಬೀಳುತ್ತಿತ್ತು. ಆ ಸದ್ದು ಕೇಳಿದೊಡನೆ ನೀರಲ್ಲಿ ಚೇಷ್ಟೆ ಮಾಡುತ್ತಿದ್ದ ಮಕ್ಕಳೆಲ್ಲ ಕೊಳದ ಅಂಚು ಹಿಡಿದು ಸಾಧುಗಳಾಗಿಬಿಡುತ್ತಿದ್ದರು. ಕೊರಳಲ್ಲಿ ಶಿಳ್ಳೆ, ಹೆಗಲ ಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಟವೆಲು, ಮಾತಿಗೊಮ್ಮೆ ‘ಕೇಳಿಸ್ತಾ?’ ಎಂಬ ಪ್ರಶ್ನೆ. ಕೊಳದ ಗದ್ದಲದಲ್ಲಿ ಹುಟ್ಟಿದ ಆ ಪ್ರಶ್ನೆ ಮನೆಯ ಊಟದ ಮೇಜಿನವರೆಗೂ ಅವರನ್ನು ಹಿಂಬಾಲಿಸಿತ್ತು. ಅವರಲ್ಲಿ ಈಜು ಕಲಿಯುವ ಮಕ್ಕಳ ಬಾಯಲ್ಲಿ ಅವರು ಶಿಳ್ಳೆ ಮಿಸ್.

ಅಣ್ಣನ ಕೈಹಿಡಿದು ಬಂದ ಕೆಲವೇ ವರ್ಷಗಳಲ್ಲಿ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ಗೊತ್ತಾಯಿತು. ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹದ ಕಾವಲುಪಡೆಯೇ ಶತ್ರುವೆಂದು ಭ್ರಮಿಸಿ ಕೆಡವುವ ವ್ಯಾಧಿ ಅದು. ಒಮ್ಮೆ ಕಣ್ಣು ಮಂಜಾಗುತ್ತಿತ್ತು, ಒಮ್ಮೆ ಅಂಗಾಲು ಮರಗಟ್ಟುತ್ತಿತ್ತು. ಸೆಕೆ ಏರಿದರೆ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ತಣ್ಣೀರ ಟವೆಲು ಅದಕ್ಕೇ. ಪೂರ್ತಿ ವಾಸಿಯಾಗುವುದಿಲ್ಲವೆಂದು ತಿಳಿದ ದಿನ ನಾವೆಲ್ಲ ತಲೆತಗ್ಗಿಸಿ ಕೂತಿದ್ದಾಗ ಅವರು ತಟ್ಟೆ ಹಾಕುತ್ತ ಅಂದದ್ದಿಷ್ಟೆ: “ಕರೀದೇ ಬಂದ ನೆಂಟ, ಹೋಗು ಅಂದ್ರೆ ಹೋಗಲ್ಲ. ಹಾಗಂತ ನಾವು ಊಟ ಬಿಡೋಕಾಗುತ್ತಾ? ಏಳ್ರಿ ಎಲ್ಲ, ಕೇಳಿಸ್ತಾ?”

ನೆಲದ ಮೇಲೆ ಗೋಡೆ ತಡವಿ ನಡೆಯುತ್ತಿದ್ದ ಆ ದೇಹ ನೀರಿಗಿಳಿದೊಡನೆ ತನ್ನ ಭಾರವನ್ನೆಲ್ಲ ಯಾರಿಗೋ ಒಪ್ಪಿಸಿಬಂದಂತೆ ನಿರಾಯಾಸವಾಗಿ ಸಾಗುತ್ತಿದ್ದುದನ್ನು ನಾನು ಎಷ್ಟೋ ಸಲ ದಡದಲ್ಲಿ ನಿಂತು ಬೆರಗಾಗಿ ನೋಡಿದ್ದೇನೆ.

ಒಂದು ಬೇಸಿಗೆಯಲ್ಲಿ ಹೊಸ ನೋವು ಶುರುವಾಯಿತು. ಎಡ ಪೃಷ್ಠದಲ್ಲಿ ಹುಟ್ಟಿ, ತೊಡೆಯ ಹಿಂಬದಿ, ಮೀನಖಂಡಗಳನ್ನು ಸೀಳಿಕೊಂಡು ಕಿರುಬೆರಳಿನವರೆಗೆ ಕಾದ ತಂತಿಯಂತೆ ಹರಿಯುವ ನೋವು. ಕೂತರಂತೂ ಪ್ರಾಣ ಹೋಗುತ್ತಿತ್ತು; ಹಾಗಾಗಿ ನಿಂತೇ ಉಣ್ಣತೊಡಗಿದರು. ಇದೂ ನೆಂಟನದೇ ಕಿತಾಪತಿ ಎಂದು ನಾವೂ ಅಂದುಕೊಂಡೆವು, ನರರೋಗ ತಜ್ಞರೂ ಅಂದುಕೊಂಡರು, ಅತ್ತಿಗೆಯೂ ಅಂದುಕೊಂಡರು. ಮಾತ್ರೆ ಹೆಚ್ಚಿತು, ಮಂಪರು ಹೆಚ್ಚಿತು, ನೋವು ಮಾತ್ರ ಕದಲಲಿಲ್ಲ. ಮಂಪರಿನಲ್ಲಿ ಮಕ್ಕಳನ್ನು ನೀರಿಗಿಳಿಸುವುದು ಸರಿಯಲ್ಲವೆಂದು ಅವರು ಶಿಳ್ಳೆಯನ್ನು ಬಿಚ್ಚಿ ಕಪಾಟಿನಲ್ಲಿಟ್ಟರು. ಆ ವಾರವೆಲ್ಲ ಅವರ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ. ನಾನು ಮೊದಲ ಬಾರಿಗೆ ನಿಜವಾಗಿ ಹೆದರಿದೆ.

ಹಾಗಿರುವಾಗ ಒಂದು ಮಧ್ಯಾಹ್ನ ಒಗ್ಗರಣೆಯ ಘಾಟಿಗೆ ಅವರಿಗೆ ಸೀನು ಬಂತು. ಸೀನಿದವರೇ ಚೀರಿ ಎಡಗಾಲು ಹಿಡಿದುಕೊಂಡರು. ಅಣ್ಣ ಸೌಟು ಬಿಸುಟು ಓಡಿಬಂದ. ಅತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ಏನೋ ಲೆಕ್ಕ ಹಾಕುವವರಂತೆ ನಿಂತಿದ್ದರು. ಆಮೇಲೆ ಬೇಕೆಂದೇ ಒಮ್ಮೆ ಕೆಮ್ಮಿ ನೋಡಿದರು. ಮತ್ತೆ ಅದೇ ಉರಿಗೆರೆ!

ಮರುದಿನ ನಾನೇ ಆಸ್ಪತ್ರೆಗೆ ಜೊತೆಗೆ ಹೋದೆ. “ಡಾಕ್ಟ್ರೇ, ನಮ್ಮ ನೆಂಟನ್ನ ನಾನು ಇಷ್ಟು ವರ್ಷದಿಂದ ನೋಡಿದೀನಿ. ಅವನು ಯಾವತ್ತೂ ಸೀನಿಗೆ ಎದ್ದು ಕುಣಿದೋನಲ್ಲ. ಇದು ಯಾರೋ ಬೇರೆಯವರು” ಎಂದರು ಅತ್ತಿಗೆ.

ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಅವರನ್ನು ಅಂಗಾತ ಮಲಗಿಸಿ ಎಡಗಾಲನ್ನು ನೇರವಾಗಿ ಮೇಲೆತ್ತಿದರು. ಅರ್ಧಕ್ಕೆ ಬರುವ ಮೊದಲೇ ಅತ್ತಿಗೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದರು. ಸೊಂಟದ ಸ್ಕ್ಯಾನ್ ಆಯಿತು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯೊಂದು ಉಬ್ಬಿ, ಕಾಲಿಗಿಳಿಯುವ ಸಯಾಟಿಕ್ ನರದ ಬೇರನ್ನು ಒತ್ತುತ್ತಿತ್ತು. ವರ್ಷಾನುಗಟ್ಟಲೆ ಒಂದು ಕಡೆಗೆ ವಾಲಿ ನಡೆದದ್ದೂ ಅದಕ್ಕೆ ಕಾರಣವಿರಬಹುದು ಎಂದ ವೈದ್ಯರು ಮುಂದುವರಿಸಿದರು: “ಒಂದು ದೊಡ್ಡ ಕಾಯಿಲೆ ಗೊತ್ತಿದ್ರೆ ಎಲ್ಲಾನೂ ಅದರ ತಲೆಗೇ ಕಟ್ಟಿಬಿಡ್ತೀವಿ ಅಮ್ಮಾ. ನಾನೂ ಅದನ್ನೇ ಮಾಡಿದೆ. ಆದ್ರೆ ಇದು ಬಹಳ ಮಟ್ಟಿಗೆ ಕಮ್ಮಿ ಆಗೋ ನೋವು.”

ಹೊರಬಂದವರೇ ಅತ್ತಿಗೆ ಅಣ್ಣನಿಗೆ ಫೋನ್ ಮಾಡಿದರು. “ರೀ, ಒಳ್ಳೆ ಸುದ್ದಿ! ನಂಗೆ ಇನ್ನೊಂದು ಕಾಯಿಲೆ ಇದೆಯಂತೆ!” ಕಾರಿಡಾರಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಇನ್ನೊಂದು ಕಾಯಿಲೆಗಾಗಿ ಹಾಗೆ ಹಿಗ್ಗಿದ ಮನುಷ್ಯರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಬೆನ್ನಿಗೊಂದು ಇಂಜೆಕ್ಷನ್, ಬಳಿಕ ತಿಂಗಳುಗಟ್ಟಲೆ ವ್ಯಾಯಾಮ. ನೋವು ಇಂಚಿಂಚಾಗಿ ಕಾಲಿನಿಂದ ಸೊಂಟಕ್ಕೆ ಹಿಂಜರಿದು, ಕೊನೆಗೆ ಹೆಸರಿಗಷ್ಟೇ ಉಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅತ್ತಿಗೆ ಮತ್ತೆ ಕೊಳಕ್ಕೆ ಹೋದರು. ಹಳೆಯ ವ್ಯಾಧಿ ಹಾಗೇ ಇದೆ. ಕಳೆದ ವರ್ಷ ಊರುಗೋಲೂ ಬಂದಿದೆ.

ದೀರ್ಘವ್ಯಾಧಿಯೊಡನೆ ಬಾಳುವವರನ್ನು ನಾವು ಸಹನಾಮೂರ್ತಿಗಳೆಂದು ಹೊಗಳುತ್ತೇವೆ. ಹೊಗಳಿ, ಇಷ್ಟು ಹೊತ್ತವರಿಗೆ ಇನ್ನಿಷ್ಟು ಹೊರುವುದೇನು ಕಷ್ಟ ಎಂದು ನಿರಾಳರಾಗುತ್ತೇವೆ. ಆದರೆ ಅತ್ತಿಗೆಯಂಥವರ ಸಹನೆಗೆ ಕಣ್ಣಿದೆ. ಹೊರಲೇಬೇಕಾದದ್ದನ್ನು ಅವರು ನಗುತ್ತ ಹೊರುತ್ತಾರೆ. ಹೊರಬೇಕಿಲ್ಲದ್ದು ಅದರೊಳಗೆ ನುಸುಳಿ ಕೂತರೆ, ಎಷ್ಟೇ ದಣಿದಿರಲಿ, ಹೊರೆಯನ್ನು ಇಳಿಸಿ, ಬಿಚ್ಚಿ, ಅದೊಂದನ್ನು ಎತ್ತಿ ಆಚೆಗಿಟ್ಟು ಮತ್ತೆ ನಡೆಯುತ್ತಾರೆ.