ಹುಳುವಿನ ಮನೆಯಲ್ಲಿ ಒಂದು ಮಾತ್ರೆ

ಸರಸರ, ಸರಸರ — ನಡುಮನೆಯ ತಟ್ಟೆಗಳಲ್ಲಿ ರೇಷ್ಮೆ ಹುಳು ಸೊಪ್ಪು ಮೇಯುತ್ತಿವೆ, ಇಷ್ಟು ರಾತ್ರಿಯಲ್ಲಿ, ಅಂದರೆ ಕೇಳಿಸುತ್ತಿದೆ, ಗಂಗರತ್ನಮ್ಮ ದಿಂಬಿಗೆ ಕಿವಿ ಒತ್ತಿ ಮತ್ತೆ ಆಲಿಸಿದಳು, ಸಂಜೆಯಿಂದ ತಲೆಯೊಳಗೆ ಒನಕೆ ಹಾಕಿದ ಹಾಗೆ ದಬದಬ ಎನ್ನುತ್ತಿದ್ದದ್ದು ಎಲ್ಲಿ, ಇದೆ, ದೂರ ಹೋಗಿದೆ, ಪಕ್ಕದ ಬೀದಿಗೆ ಹೋದ ಹಾಗೆ — ಕೋಲಾರದ ಡಾಕ್ಟರು ಮುಷ್ಟಿ ಬಿಗಿದು ತೋರಿಸಿದ್ದರು, ವಯಸ್ಸಾಗ್ತಾ ರಕ್ತನಾಳ ಗಡುಸಾಗುತ್ತಮ್ಮ, ಗೋಡೇಲಿರೋ ಸಣ್ಣ ಸ್ನಾಯು ಹೀಗೆ ಬಿಗಿ ಹಿಡ್ಕೊಂಡಿರುತ್ತೆ, ಈ ಬಿ.ಪಿ. ಮಾತ್ರೆ ಆ ಹಿಡಿತ ಬಿಡಿಸುತ್ತೆ, ಆಮೇಲೆ ಬೆರಳು ಒಂದೊಂದಾಗಿ ಬಿಚ್ಚಿದ್ದರು, ನೋಡಿ, ದಾರಿ ಅಗಲವಾಯ್ತು, ಗುಂಡಿಗೆ ಗುದ್ದಾಡಬೇಕಿಲ್ಲ, ಒಂದು ದಿನಾನೂ ಬಿಡಬೇಡಿ — ಅವಳು ಬಿಟ್ಟಳು, ಬಿಡಿಸಿದರು, ಎರಡೂ ನಿಜ, ಹುಳು ನಾಲ್ಕನೇ ಸಲ ಪೊರೆ ಬಿಟ್ಟ ದಿನ ಅತ್ತೆ ಬಚ್ಚಮ್ಮ ಮಾತ್ರೆ ಡಬ್ಬಿಯನ್ನು ಸೆರಗಲ್ಲಿ ಮುಚ್ಚಿ ತೋಟದ ಪಂಪ್‌ಸೆಟ್ ಮನೆಗೆ ಸಾಗಿಸಿದರು, ಔಷಧಿ ವಾಸನೆ ಹುಳಕ್ಕಾಗಲ್ಲ ಕಣೇ, ಗೂಡು ಕಟ್ಟೋವರೆಗೂ ತಾಳ್ಕೋ, ಅರವತ್ತೆರಡನೇ ಇಸ್ವೀಲೇ ಬಿ.ಎ. ಮಾಡ್ದೋಳು ನೀನು, ತಾಳ್ಮೆ ಒಂದು ಹೇಳ್ಕೊಡ್ಲಿಲ್ವಾ ಕಾಲೇಜಲ್ಲಿ — ಬೀಡಿಗೆ, ಮಲ್ಲಿಗೆಗೆ, ಸೀಗೆಪುಡಿಗೆ ಹೊಸ್ತಿಲಲ್ಲೇ ತಡೆ, ಅದಕ್ಕೇ ಬಚ್ಚಮ್ಮನ ಮನೆಯಲ್ಲಿ ಬೆಳೆ ಕೆಟ್ಟದ್ದಿಲ್ಲ ಎಂದು ಮುಳಬಾಗಿಲ ಕಡೆಯ ಹೆಂಗಸರೂ ಕೇಳಿಕೊಂಡು ಬರುತ್ತಾರೆ, ಎದುರು ಹೇಳಲು ಭಯ, ಬೆಳೆ ಹೋದರೆ ಮಾತ್ರೆಯ ಮೇಲೆ ಬರುತ್ತದೆ, ಮಾತ್ರೆಯ ಮೇಲೆ ಎಂದರೆ ತನ್ನ ಮೇಲೆ.

ಇವತ್ತು ಸೊಪ್ಪಿನ ಪುಟ್ಟಿ ಎತ್ತುವಾಗ ಕತ್ತು ಸೆಟೆಯಿತು, ಕಣ್ಣಿಗೆ ಕಪ್ಪು, ಎಡಗೈ ತನ್ನದಲ್ಲ, ಪುಟ್ಟಿ ಜಾರಿತು — ಅವಳ ತಾಯಿಯೂ ಹೀಗೇ, ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಕುಸಿದು, ಬಾಯಿ ಓರೆಯಾಗಿ, ಆಮೇಲೆ ಮಗಳ ಹೆಸರನ್ನೂ ಹೇಳಲಾಗದೆ — ಗಂಡ ಗಂಗುಲಪ್ಪ ಸೊಪ್ಪು ಸಾಲದೆಂದು ಶ್ರೀನಿವಾಸಪುರದ ಕಡೆ ಹೋಗಿದ್ದಾನೆ, ಮನೆಯಲ್ಲಿ ಅತ್ತೆ ಒಬ್ಬರೇ, ಅವರು ನೋಡಿದರು, ಲಾಟೀನೂ ಹಿಡಿಯದೆ ಪಂಪ್‌ಸೆಟ್ ಮನೆಯ ಕಡೆ ಹೊರಟರು, ಎಪ್ಪತ್ತು ದಾಟಿದ ಮಂಡಿ, ಬದುವಿನ ದಾರಿ, ಕತ್ತಲು — ಬಂದವರು ಏದುಸಿರಲ್ಲೇ ಮುಷ್ಟಿ ಚಾಚಿದರು, ಬಿಚ್ಚಿದರು, ಅಂಗೈಯಲ್ಲಿ ಬಿಳಿ ಮಾತ್ರೆ, ಹುಳುವಿನ ತಟ್ಟೆಯ ಪಕ್ಕದಲ್ಲೇ, ಮಿಂಗು ತಲ್ಲೀ, ಮಿಂಗು, ಹೆದರಿದಾಗ ಅತ್ತೆಗೆ ಬರುವುದು ತವರಿನ ತೆಲುಗೇ, ಹುಳಕ್ಕೇನಾದ್ರೂ ಆದ್ರೆ ಅತ್ತೆ, ಆಗ್ಲಿ ಬಿಡೇ, ಹುಳ ಬರೋ ತಿಂಗಳೂ ಬರ್ತದೆ, ನೀನು ಬರ್ತೀಯೇನೇ — ನುಂಗಿದಳು, ಎಷ್ಟೋ ಹೊತ್ತಿಗೆ ಕತ್ತು ಸಡಿಲವಾಯಿತು, ಕೈ ಮೆಲ್ಲಗೆ ತನ್ನದಾಯಿತು, ಬೆರಳು ಆಡುತ್ತವೆ, ಈಗಲೂ ಆಡುತ್ತವೆ, ಒಳಗೆಲ್ಲೋ ಕಾಣದ ಸಾವಿರ ಮುಷ್ಟಿಗಳು ಬಿಚ್ಚುತ್ತಿವೆ, ಅತ್ತೆ ಗೋಡೆಗೊರಗಿ ಎಚ್ಚರವಾಗಿದ್ದಾರೆ, ಹುಳುವನ್ನಲ್ಲ, ಇವಳನ್ನು ನೋಡುತ್ತಾ, ಬೆಳಿಗ್ಗೆ ಗಂಡ ಬಂದು ಕೇಳಿದರೆ, ತಟ್ಟೆಗೆ ತಟ್ಟೆ ಹುಳು ಸತ್ತು ಊರೇ ಬಂದು ಕೇಳಿದರೆ, ಇಲ್ಲ, ಹೇಳುವುದಿಲ್ಲ, ಕಟ್ಟಳೆ ಮುರಿದವರು ಅತ್ತೆಯೇ ಎಂಬ ಮಾತು ತನ್ನ ಬಾಯಿಂದ ಯಾರಿಗೂ ಬರುವುದಿಲ್ಲ — ಸರಸರ, ಸರಸರ, ಕಣ್ಣು ಮುಚ್ಚಿದರೆ ಅದೇ, ಬದುವಿನ ಮಣ್ಣು ಮೆತ್ತಿದ ಮುಷ್ಟಿ, ಬಿಚ್ಚುವ ಬೆರಳು, ಅಂಗೈ