ತಾರೀಖಮ್ಮ ಓದದೆ ಬಿಟ್ಟಿದ್ದ ತಾರೀಖು

ಆಸ್ಪತ್ರೆಯ ಔಷಧ ಉಗ್ರಾಣವನ್ನು ಮೂವತ್ತೊಂದು ವರ್ಷ ನೋಡಿಕೊಂಡವಳಿಗೆ ಅಲ್ಲಿನವರು ಇಟ್ಟ ಹೆಸರು ತಾರೀಖಮ್ಮ. ಅವಧಿ ಮುಗಿದ ಒಂದು ಮಾತ್ರೆಯೂ ಅವಳ ಕಣ್ತಪ್ಪಿಸಿ ಬಾಗಿಲು ದಾಟುತ್ತಿರಲಿಲ್ಲ. ನಿವೃತ್ತಳಾಗಿ ಅಕ್ಕನ ಮನೆ ಸೇರಿದ ಮೇಲೆ ಆ ಕಣ್ಣು ಅಡುಗೆಮನೆಯ ಮೇಲೆ ಬಿತ್ತು. ಬಿಸ್ಕತ್ತು, ಹಲ್ಲುಪುಡಿ, ಕೊನೆಗೆ ಬೆಂಕಿಪೊಟ್ಟಣವನ್ನೂ ಅವಳು ತಿರುಗಿಸಿ ನೋಡುವುದನ್ನು ಕಂಡ ಅಕ್ಕ, "ನನ್ನನ್ನೂ ಒಂದ್ಸಲ ತಿರುಗಿಸಿ ನೋಡಿಬಿಡೇ, ಇನ್ನೆಷ್ಟು ದಿನ ಇದೆ ಅಂತ," ಎನ್ನುತ್ತಿದ್ದಳು.

ಭಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರು ಭಾನುವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆದು ಒರೆಸಿ ಮುದ್ದಿಸುತ್ತಿದ್ದ ಕಾರು ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತಿತ್ತು. ಅರವತ್ತೊಂದನೇ ವಯಸ್ಸಿನಲ್ಲಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ತಾರೀಖಮ್ಮ ಲೈಸೆನ್ಸ್ ಗಿಟ್ಟಿಸಿದಳು. ಅದೇ ವಾರ ಅಕ್ಕನ ಬಾಲ್ಯದ ಗೆಳತಿ ಕುಳ್ಳಿ ನಲವತ್ತೆರಡು ವರ್ಷಗಳ ಮೇಲೆ ಫೋನಿನಲ್ಲಿ ಸಿಕ್ಕಿದಳು. ಇರುವುದು ಬೆಟ್ಟದ ಮೇಲಿನ ಊರಲ್ಲಿ, ಎರಡು ತಾಸಿನ ದಾರಿ. ಇನ್ನೇನು ಬೇಕು? ಹೊಸ ಬ್ಯಾಟರಿ ಬಿತ್ತು, ಬ್ರೇಕು ನೋಡಿಸಿದ್ದಾಯಿತು. ಗುರುವಾರ ಬೆಳಿಗ್ಗೆ ಇಬ್ಬರೂ ಹೊರಟರು.

ಊರಾಚೆಯ ಟೈರ್ ಅಂಗಡಿಯಲ್ಲಿ ಗಾಳಿ ತುಂಬಿಸಲು ನಿಲ್ಲಿಸಿದರು. ಅಂಗಡಿಯವನು ಗಾಳಿ ಪೈಪು ಕೈಯಲ್ಲಿ ಹಿಡಿದೇ ಕುಕ್ಕರಗಾಲಲ್ಲಿ ಕೂತು, ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಉಜ್ಜಿದ.

"ಅಮ್ಮಾ, ಇದು ಎಷ್ಟು ವರ್ಷದ್ದು?"

"ಹೊಸದೇ ಕಣಪ್ಪ," ಎಂದಳು ಅಕ್ಕ. "ನಮ್ಮನೆಯವರು ಓಡಿಸಿದ್ದೇ ಕಮ್ಮಿ. ಗ್ರಿಪ್ ನೋಡು, ಒಂಚೂರೂ ಸವೆದಿಲ್ಲ."

"ಸವೆಯೋಕೆ ಓಡ್ಬೇಕಮ್ಮಾ. ವಯಸ್ಸಾಗೋಕೆ ಓಡ್ಬೇಕಾಗಿಲ್ಲ, ನಿಂತಲ್ಲೇ ಆಗುತ್ತೆ." ಅವನು ರಬ್ಬರಿನ ಮೇಲೆ ಉಬ್ಬಿದ್ದ ನಾಲ್ಕು ಅಂಕಿ ತೋರಿಸಿದ. "ಸೊನ್ನೆ ಒಂಬತ್ತು, ಹನ್ನೊಂದು. ಅಂದ್ರೆ ಎರಡು ಸಾವಿರದ ಹನ್ನೊಂದರ ಒಂಬತ್ತನೇ ವಾರದಲ್ಲಿ ತಯಾರಾಗಿದ್ದು. ಐದಾರು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ತೋರಿಸ್ಬೇಕು. ಹತ್ತು ದಾಟಿದ್ರೆ ನೋಡೋಕೆ ಹೇಗೇ ಇರ್ಲಿ, ಹಾಕ್ಕೊಂಡು ಓಡಿಸ್ಬಾರ್ದು."

ತಾರೀಖಮ್ಮನ ಮುಖ ಬಿಸಿಯಾಯಿತು. "ಟೈರಿಗೂ ತಾರೀಖು ಇರುತ್ತಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ ನೋಡು! ನನ್ನ ಬಿಸ್ಕತ್ತು ಬೀದಿಗೆ ಎಸೆದವಳು!"

ಆ ನಗು ನಿಂತದ್ದು ಅಂಗಡಿಯವನು ಚಕ್ರ ಬಿಚ್ಚಿದಾಗ. ಒಳಮಗ್ಗುಲಲ್ಲಿ ಉದ್ದಕ್ಕೂ ಬಿರುಕು. ಉಗುರು ಒಳಗೆ ಹೋಗುವಷ್ಟು ಆಳ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯೂ ಅದೇ ವಯಸ್ಸಿನದು. ಬೆಟ್ಟದ ತಿರುವುಗಳು ತಾರೀಖಮ್ಮನ ಕಣ್ಮುಂದೆ ಸುತ್ತಿದವು. "ಐದೂ ತೆಗೀರಿ," ಎಂದಳು. ದನಿ ಸಣ್ಣಗಾಗಿತ್ತು. ಅಕ್ಕ ಅವಳ ಕೈ ಹಿಡಿದುಕೊಂಡಳು.

ಆದರೆ ಆ ಅಳತೆಯ ಟೈರು ಬರಬೇಕಾದದ್ದು ಊರಿನ ಇನ್ನೊಂದು ತುದಿಯ ಗೋದಾಮಿನಿಂದ, ಮಧ್ಯಾಹ್ನವಾಗುತ್ತದೆ. ಅಕ್ಕ ಮುಖ ಸಪ್ಪಗೆ ಮಾಡಿಕೊಂಡು ಕುಳ್ಳಿಗೆ ಫೋನು ಮಾಡಿದಳು. ಆ ಕಡೆಯಿಂದ ಬಂದ ದನಿ ಅಂಗಡಿಗೆಲ್ಲ ಕೇಳಿಸಿತು: "ಅಲ್ಲೇ ಕೂತಿರು! ಕದಲಿದ್ರೆ ನೋಡು ಮತ್ತೆ!"

ಎರಡೂವರೆ ತಾಸಿಗೆ ಎದುರುಗಡೆ ಬಸ್ಸು ನಿಂತಿತು. ಇಳಿದದ್ದು ಬುತ್ತಿಯ ಡಬ್ಬಿ ಹಿಡಿದ ಒಂದು ಗಿಡ್ಡ ಜೀವ. ಅದು ಅಕ್ಕನನ್ನು ದಾಟಿಕೊಂಡೇ ಹೋಗಿ ಅಂಗಡಿಯವನನ್ನು ಕೇಳಿತು: "ಇಲ್ಲಿ ಉದ್ದ ಜಡೆಯವಳೊಬ್ಬಳು ಇದ್ದಾಳಂತಲ್ಲ?"

ಮೋಟುಗೂದಲಿನ ಅಕ್ಕ ಎದ್ದು ನಿಂತಳು. "ಜಡೆ ಎಲ್ಲಿ ಉಳೀತೇ? ಅಯ್ಯೋ ಕುಳ್ಳೀ, ನೀನಿನ್ನೂ ಬೆಳೆದೇ ಇಲ್ವಲ್ಲೇ!"

ಇಬ್ಬರೂ ಅತ್ತರೋ ನಕ್ಕರೋ, ತಾರೀಖಮ್ಮನಿಗೆ ತಿಳಿಯಲಿಲ್ಲ. ಹಳೆ ಟೈರು ಪೇರಿಸಿ, ಅದರ ಮೇಲೆ ಕೂತು ಮೂವರೂ ಬುತ್ತಿ ಬಿಚ್ಚಿದರು. ಕುಳ್ಳಿಯ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಒಂದು ಪಾಲು ಅಂಗಡಿಯವನಿಗೂ ಹೋಯಿತು.

ಟೈರು ಬಂದಾಗ ತಾರೀಖಮ್ಮ ಕನ್ನಡಕ ಏರಿಸಿ ಒಂದೊಂದನ್ನೂ ತಿರುಗಿಸಿ ಓದಿದಳು. ನಾಲ್ಕನೆಯದರ ಬಳಿ ನಿಂತಳು.

"ಇದೊಂದು ಯಾಕೆ ಮೂರು ವರ್ಷ ಹಿಂದಿನದು?"

ಅಂಗಡಿಯವನು ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. "ಗೋದಾಮಿನವರು ಸೇರಿಸಿಬಿಟ್ಟಿದ್ದಾರಮ್ಮ. ಹೇಳಿಕೊಟ್ಟವನನ್ನೇ ಮೀರಿಸಿದ್ರಿ!" ಅದು ವಾಪಸು ಹೋಗಿ ಬೇರೆಯದು ಬರಲು ಇನ್ನೊಂದು ತಾಸು ಹಿಡಿಯಿತು. ಗೆಳತಿಯರಿಗೆ ಅದರ ಪರಿವೆಯೇ ಇರಲಿಲ್ಲ. ಅವರ ಮಾತು ಆಗಿನ್ನೂ ಏಳನೇ ಕ್ಲಾಸಿಗೆ ಬಂದಿತ್ತು. ಅಷ್ಟರಲ್ಲಿ ಅವನು ತಾರೀಖಮ್ಮನಿಗೆ ಗಾಳಿ ಅಳೆಯುವುದನ್ನು ಕಲಿಸಿದ. ಗಾಡಿ ಓಡಿ ಬಿಸಿಯಾಗುವ ಮುಂಚೆ, ತಣ್ಣಗಿದ್ದಾಗಲೇ ನೋಡಬೇಕು. ತಿಂಗಳುಗಟ್ಟಲೆ ನಿಲ್ಲಿಸಿಡದೆ ಆಗಾಗ ಓಡಿಸಬೇಕು.

"ಓಡಿಸ್ದೆ ಬಿಡ್ತೀನಾ?" ಎಂದಳು ಅವಳು.

ಇಳಿಬಿಸಿಲಿನಲ್ಲಿ ಕಾರು ಬೆಟ್ಟ ಹತ್ತತೊಡಗಿತು. ಅಕ್ಕ ಮುಂದಿನ ಸೀಟು ಬಿಟ್ಟು ಗೆಳತಿಯ ಜೊತೆ ಹಿಂದೆ ಸೇರಿಕೊಂಡಿದ್ದಳು. ಒಂದೊಂದು ತಿರುವನ್ನೂ ಕಾರು ನೆಲ ಕಚ್ಚಿಕೊಂಡು ದಾಟುತ್ತಿತ್ತು.

"ಡ್ರೈವರಮ್ಮಾ, ಸ್ವಲ್ಪ ನಿಧಾನ," ಎಂದಿತು ಹಿಂದಿನಿಂದ ಒಂದು ದನಿ. "ಮನೆ ಬೇಗ ಬಂದ್ಬಿಡುತ್ತೆ. ನಮ್ಮ ಮಾತಿನ್ನೂ ಮದುವೆವರೆಗೂ ಬಂದಿಲ್ಲ."

ತಾರೀಖಮ್ಮ ನಗುತ್ತಾ ಗೇರು ಇಳಿಸಿದಳು.